ಶಾಲೆ ಮತ್ತೆ ಮುಚ್ಚಿದರೆ: ಫೋನ್ ಪಾಠವೋ, ವಠಾರದ ಪಾಠವೋ?

ಕೊರೊನಾದಿಂದ 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದನೇ ಕ್ಲಾಸಿನ ಬಾಗಿಲು ಕರ್ನಾಟಕದಲ್ಲಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟರಲ್ಲಿ ಎಷ್ಟೋ ಮಕ್ಕಳಿಗೆ ಒತ್ತಕ್ಷರವೇ ಮರೆತಿತ್ತು. ಮುಂದೆಯೂ ಹೀಗಾದರೆ ಯಾವುದನ್ನು ಆರಿಸಬೇಕು?

ಫೋನ್ ಪಾಠದಲ್ಲಿ ಸೋಂಕಿನ ಭಯ ಇಲ್ಲ. ಆದರೆ ಮನೆಗೆ ಇರುವ ಒಂದೇ ಫೋನು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ, ಅಲ್ವಾ? ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುವ ಮಲೆನಾಡಿನ ಮಕ್ಕಳಿಗಂತೂ ಇನ್ನೂ ಕಷ್ಟ. ದೊಡ್ಡ ಕ್ಲಾಸಿನವರಿಗೆ ಪರವಾಗಿಲ್ಲ.

ವಿದ್ಯಾಗಮದಲ್ಲಿ, ಅಂದರೆ ಆಗ ಸರ್ಕಾರ ನಡೆಸಿದ ವಠಾರದ ಪಾಠದಲ್ಲಿ, ಮೇಷ್ಟ್ರೇ ಊರಿಗೆ ಬಂದರು. ದೇವಸ್ಥಾನದ ಜಗುಲಿ, ಅರಳಿಕಟ್ಟೆ, ಮರದ ನೆರಳು ಎಲ್ಲವೂ ಕ್ಲಾಸಾಯಿತು. ಮಗು ಸ್ಲೇಟಿನಲ್ಲಿ ತಪ್ಪು ಬರೆದರೆ ಅಲ್ಲೇ ಕೈಹಿಡಿದು ತಿದ್ದಬಹುದು. ಸೋಂಕಿನ ಆತಂಕದಿಂದ 2020ರ ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು, ನಿಜ. ಆದರೂ ಚಿಕ್ಕ ಮಕ್ಕಳಿಗೆ ನನ್ನ ಆಯ್ಕೆ ಇದೇ. ಬಯಲಲ್ಲಿ, ಐದಾರು ಮಕ್ಕಳ ಗುಂಪು ಮಾಡಿ ಶುರು ಮಾಡಿ.