ಚಿಟ್ಟೆ ಲಿಲ್ಲಿಯ ಗಡ್ಡೆ: ಹೂವಿಗೆ ಪೂರ್ಣ ಅಂಕ, ಸೂಚನಾ ಚೀಟಿಗೆ ಸೊನ್ನೆ

ದಕ್ಷಿಣ ಬ್ರೆಜಿಲ್‌ನ ಅಟ್ಲಾಂಟಿಕ್ ಮಳೆಕಾಡಿನ ಸಸ್ಯವಾದ ಹಿಪ್ಪಿಯಾಸ್ಟ್ರಮ್ ಪೆಪಿಲಿಯೊ ಗಡ್ಡೆಯನ್ನು ಬೆಂಗಳೂರಿನ ನಮ್ಮ ತಾರಸಿಗಾಗಿ ಆನ್‌ಲೈನ್ ನರ್ಸರಿಯೊಂದರಿಂದ ತರಿಸಿಕೊಂಡೆ. ಬಂದ ಗಡ್ಡೆ ಗಟ್ಟಿಯಾಗಿತ್ತು, ಬೇರುಗಳು ಒಣಗಿರಲಿಲ್ಲ, ಎಲೆಗಳ ಬುಡದಲ್ಲಿ ಹಿಟ್ಟುತಿಗಣೆಯ ಸುಳಿವಿರಲಿಲ್ಲ. ಸಾಮಾನ್ಯ ಕೆಂಪು ಲಿಲ್ಲಿಗಿಂತ ಹಲವು ಪಟ್ಟು ಬೆಲೆ ಕೊಟ್ಟವರು ಇಷ್ಟನ್ನು ಕೇಳುವುದು ನ್ಯಾಯವೇ.

ನನ್ನ ತಕರಾರು ಪೆಟ್ಟಿಗೆಯೊಳಗಿದ್ದ ಸೂಚನಾ ಚೀಟಿಯದು. ಮಳೆಗಾಲ ಮುಗಿದೊಡನೆ ನೀರು ನಿಲ್ಲಿಸಿ, ಎಲೆಗಳನ್ನು ಒಣಗಲು ಬಿಟ್ಟು, ಗಡ್ಡೆಯನ್ನು ಕಿತ್ತು ಕತ್ತಲಲ್ಲಿಡಬೇಕೆಂದು ಅದು ಹೇಳುತ್ತದೆ. ಹಾಲೆಂಡಿನ ಹೈಬ್ರಿಡ್‌ಗಳಿಗೆ ಒಪ್ಪುವ ಈ ಕ್ರಮ ಪೆಪಿಲಿಯೊಗೆ ಸಲ್ಲದು, ಏಕೆಂದರೆ ಇದು ವರ್ಷವಿಡೀ ಹಸಿರಾಗಿರುವ ಸಸ್ಯ. ಮಲೆನಾಡಿನ ಸೀತಾಳೆದಂಡೆಯಂತೆ ಇದೂ ಹುಟ್ಟೂರಿನಲ್ಲಿ ಮರಗಳ ಮೇಲೆ ಬೇರೂರುತ್ತದೆ. ಬಂದಣಿಕೆಯ ಹಾಗೆ ಮರದ ಸಾರ ಹೀರದೆ, ತೊಗಟೆಯ ಸಂದಿನಲ್ಲಿ ಸೇರಿದ ಎಲೆಗೊಬ್ಬರ ಮತ್ತು ಗಾಳಿಯ ತೇವವನ್ನೇ ನಂಬಿ ಬದುಕುತ್ತದೆ. ಅಲ್ಲಿ ಬೇರಿಗೆ ಗಾಳಿ ಯಾವಾಗಲೂ ಸಿಗುತ್ತದೆ, ನೀರು ಎಂದೂ ನಿಲ್ಲುವುದಿಲ್ಲ. ಆದ್ದರಿಂದ ಚೀಟಿಯನ್ನು ಬದಿಗಿಟ್ಟು, ಕೆಂಪುಮಣ್ಣನ್ನು ತೀರ ಕಡಿಮೆ ಮಾಡಿ, ಇಟ್ಟಿಗೆ ಚೂರು, ಇದ್ದಿಲು, ತೆಂಗಿನ ಸಿಪ್ಪೆಯ ತುಂಡು ಮತ್ತು ಎಲೆಗೊಬ್ಬರ ಬೆರೆಸಿದ ಕುಂಡದಲ್ಲಿ ಗಡ್ಡೆಯ ಮೇಲರ್ಧ ಹೊರಗೇ ಉಳಿಯುವಂತೆ ನೆಟ್ಟು, ಬೆಳಗಿನ ಬಿಸಿಲು ಮಾತ್ರ ತಾಗುವೆಡೆ ಇಟ್ಟೆ. ಚಳಿಗಾಲದಲ್ಲಿ ನೀರು ಕಡಿಮೆ ಮಾಡಿದೆನೇ ಹೊರತು ನಿಲ್ಲಿಸಲಿಲ್ಲ.

ಬೇಸಿಗೆ ಬಲಿಯುವ ಮುನ್ನ ಒಂದು ದಂಟಿನಲ್ಲಿ ಎರಡು ಹೂಗಳು ಅರಳಿದವು. ಹಸಿರು ಛಾಯೆಯ ಕೆನೆಬಣ್ಣದ ಎಸಳುಗಳ ಮೇಲೆ ಕಡುಗೆಂಪು ಗೆರೆಗಳು ಹರಡಿಕೊಂಡಿದ್ದು, ಅಕ್ಕಪಕ್ಕದಿಂದ ಅದುಮಿದಂತೆ ತುಸು ಕಿರಿದಾದ ಆಕಾರ ಚಿಟ್ಟೆಯನ್ನೇ ನೆನಪಿಸುತ್ತದೆ. ಜಾಹೀರಾತಿನ ಚಿತ್ರದಲ್ಲಿ ಬಣ್ಣವನ್ನು ಉಬ್ಬಿಸಿರಲಿಲ್ಲ. ಪರಿಮಳವನ್ನು ಬಯಸುವವರಿಗೆ ಮಾತ್ರ ಇದು ತಕ್ಕುದಲ್ಲ.

ಆದರೆ ‘ನಶಿಸುತ್ತಿರುವ ಅಪೂರ್ವ ಗಡ್ಡೆ’ ಎಂಬ ಜಾಹೀರಾತಿನ ಮಾತು ಅರ್ಧಸತ್ಯ. 1970ರಲ್ಲಿ ಸಸ್ಯವಿಜ್ಞಾನಿ ಪೆದ್ರೊ ರವೆನ್ನಾ ವಿವರಿಸಿದ ಈ ಪ್ರಭೇದ, ಅಟ್ಲಾಂಟಿಕ್ ಕಾಡಿನ ಬಹುಪಾಲು ಕಡಿದುಹೋಗಿರುವುದರಿಂದ ತವರಿನಲ್ಲಿ ವಿರಳವೆಂಬುದು ನಿಜ. ಮಾರಾಟಕ್ಕೆ ಬರುವ ಗಡ್ಡೆಗಳನ್ನಾದರೋ ನರ್ಸರಿಗಳಲ್ಲೇ ಹೆಚ್ಚಿಸಲಾಗುತ್ತದೆ. ವಿರಳತೆಯ ಹೆಸರಿನಲ್ಲಿ ಬೆಲೆ ಏರಿಸಿದರೆ ಚೌಕಾಸಿ ಮಾಡಲು ಹಿಂಜರಿಯಬೇಕಾಗಿಲ್ಲ.

ಚೀಟಿಯಲ್ಲಿ ಇರಲೇಬೇಕಾಗಿದ್ದ ಎರಡು ಎಚ್ಚರಿಕೆಗಳು ಅಲ್ಲಿಲ್ಲ. ಲಿಲ್ಲಿ ಜಾತಿಯ ಗಿಡಗಳನ್ನು ಮುಕ್ಕುವ, ಕಪ್ಪು ಮೈಯ ಮೇಲೆ ಬಿಳಿ-ಕೆಂಪು ಚುಕ್ಕೆಗಳಿರುವ ಕಂಬಳಿಹುಳು ನಮ್ಮ ಮಳೆಗಾಲದಲ್ಲಿ ಇದನ್ನೂ ಬಿಡುವುದಿಲ್ಲವಾದ್ದರಿಂದ ಎಲೆಯ ಅಡಿಭಾಗವನ್ನು ನೋಡುತ್ತಿರಬೇಕು. ಅಲ್ಲದೆ ಗಡ್ಡೆ ವಿಷಯುಕ್ತ. ಮರೆವಿನ ಕಾಯಿಲೆಯಾದ ಆಲ್‌ಝೈಮರ್‌ಗೆ ಬಳಸುವ ಗ್ಯಾಲಂಟಮೀನ್ ಈ ಸಸ್ಯದಲ್ಲಿದೆ ಎಂದು ಓದಿ ಯಾರೂ ಮನೆಮದ್ದಿಗೆ ಕೈಹಾಕಬಾರದು. ಮನೆಯಲ್ಲಿ ನಾಯಿ, ಬೆಕ್ಕುಗಳಿದ್ದರೆ ಕುಂಡವನ್ನು ಎತ್ತರದಲ್ಲಿಡಬೇಕು.

ಕೊಳ್ಳುವವರು ಹೂಬಿಡುವ ಗಾತ್ರದ ಗಡ್ಡೆಯನ್ನೇ ಕೇಳಿ ಪಡೆಯುವುದು ಒಳ್ಳೆಯದು. ಅದೇ ನರ್ಸರಿ ಅಗ್ಗಕ್ಕೆ ಮಾರುವ ಮರಿಗಡ್ಡೆಗಳು ಹೂಬಿಡಲು ವರ್ಷಗಳೇ ಹಿಡಿಯುತ್ತವೆ.