ಬಟ್ಟೆಯ ಆರ್ಟ್ ಜರ್ನಲ್: ಗೋಂದೋ, ಇಸ್ತ್ರಿ ಅಂಟೋ, ಸೂಜಿದಾರವೋ?

ಬಟ್ಟೆಯ ಪುಟಗಳ ಮೇಲೆ ಚಿತ್ರ, ಹೊಲಿಗೆ, ಬರಹ ಸೇರಿಸಿ ಮಾಡುವ ನೆನಪಿನ ಪುಸ್ತಕವೇ ಬಟ್ಟೆಯ ಆರ್ಟ್ ಜರ್ನಲ್. ಅದರ ಬಗ್ಗೆ ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಬಟ್ಟೆಯ ಆರ್ಟ್ ಜರ್ನಲ್‌ನಲ್ಲಿ ಪುಟವನ್ನು ಹಿಡಿದಿಡುವ ಕೆಲಸ ದಾರದ್ದೇ ಆಗಬೇಕು. ಗೋಂದು ಇರಲಿ, ಇಸ್ತ್ರಿಯಲ್ಲಿ ಕರಗುವ ಅಂಟು ಇರಲಿ, ಅವು ದಾರಕ್ಕೆ ಸಹಾಯ ಮಾಡಬೇಕು ಅಷ್ಟೇ. ಎಲ್ಲವನ್ನೂ ಮಾಡಿ ನೋಡಿದ ಮೇಲೆ ಬಂದ ಅಭಿಪ್ರಾಯ ಇದು. ಯಾವುದು ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಅಂತ ಬಿಡಿಸಿ ಹೇಳುತ್ತೇನೆ.

ನಾನು ಮಾಡುವ ಜರ್ನಲ್‌ನ ಪುಟ 15 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರ. ಅದರ ಮೇಲೆ ಬಣ್ಣ, ಕಸೂತಿ, ಹಳೆ ಸೀರೆಯ ಅಂಚು, ಲೇಸು, ಫೋಟೊ, ಬಸ್ ಟಿಕೆಟ್, ಕೈಬರಹ ಎಲ್ಲವೂ ಬರುತ್ತದೆ. ಇಂಥ ಪುಟಕ್ಕೆ ಮೂರು ಪರೀಕ್ಷೆ ಇಟ್ಟುಕೊಂಡಿದ್ದೇನೆ. ತಿರುಗಿಸಿದಾಗ ಪುಟ ಸಲೀಸಾಗಿ ಬಾಗಬೇಕು. ಹಿಂಬದಿಯೂ ನೋಡುವಂತಿರಬೇಕು, ಯಾಕೆಂದರೆ ಪುಸ್ತಕದಲ್ಲಿ ಹಿಂಬದಿ ಅಂದರೆ ಮುಂದಿನ ಪುಟವೇ ಅಲ್ವಾ? ಮಳೆಗಾಲ ಕಳೆದ ಮೇಲೂ ಪುಟಗಳು ಒಂದಕ್ಕೊಂದು ಅಂಟಿಕೊಂಡಿರಬಾರದು, ಬೂಷ್ಟು ಹಿಡಿದಿರಬಾರದು.

ಪುಟಕ್ಕೆ ಯಾವ ಬಟ್ಟೆ?

ಕ್ಯಾನ್ವಾಸ್ ವಿಷಯ ಬೇಗ ಮುಗಿಸುತ್ತೇನೆ. ಪೇಂಟಿಂಗ್‌ಗೆಂದು ಬಿಳಿ ಲೇಪನ ಹಾಕಿ ಮಾರುವ ಕ್ಯಾನ್ವಾಸ್ ಮೇಲೆ ಬಣ್ಣ ಚೆನ್ನಾಗಿ ಕೂರುತ್ತದೆ. ಆದರೆ ಸೂಜಿ ಹಾಕಿದರೆ ಬೆರಳು ನೋಯುತ್ತದೆ, ಒಮ್ಮೆ ಬಿದ್ದ ತೂತು ಮತ್ತೆ ಮುಚ್ಚುವುದಿಲ್ಲ, ಮಡಚಿದ ಕಡೆ ಲೇಪನ ಬಿರುಕು ಬಿಡುತ್ತದೆ. ಬಿಡಿ ಚಿತ್ರಕ್ಕೆ ಸರಿ, ಪುಟಕ್ಕೆ ಬೇಡ.

ಖಾದಿ ಮತ್ತು ಮಲ್ ಬಟ್ಟೆ, ಇವೆರಡರ ನಡುವೆ ನಿಜವಾದ ಪೈಪೋಟಿ ಇದೆ. ಮಲ್ ತೆಳು ಹತ್ತಿ ಬಟ್ಟೆ. ಹಿಂದೆ ಇರುವುದು ಮಸುಕಾಗಿ ಕಾಣುತ್ತದೆ. ಹಳೆ ಪತ್ರವನ್ನೋ ಒಣಗಿಸಿದ ಎಲೆಯನ್ನೋ ಇಟ್ಟು ಮೇಲೆ ಮಲ್ ಹೊದಿಸಿ ಸುತ್ತ ಹೊಲಿದರೆ ಅದರ ಚೆಂದವೇ ಬೇರೆ. ಆದರೆ ಪುಟದ ಭಾರ ಹೊರುವ ಶಕ್ತಿ ಅದಕ್ಕಿಲ್ಲ. ನಾಲ್ಕು ಗುಂಡಿ, ಒಂದು ಕನ್ನಡಿ ಹೊಲಿದರೆ ಸಾಕು, ಜೋತು ಬೀಳುತ್ತದೆ. ಖಾದಿಯಲ್ಲಿ ನೂಲು ಕೈಯಲ್ಲಿ ತೆಗೆದದ್ದು, ಹಾಗಾಗಿ ಎಳೆ ಒಂದೇ ಸಮ ಇರುವುದಿಲ್ಲ. ಆ ಒರಟಿನಲ್ಲಿ ಬಣ್ಣ ಹಿಡಿದು ನಿಲ್ಲುತ್ತದೆ, ಸೂಜಿ ಸಲೀಸಾಗಿ ಓಡುತ್ತದೆ. ಪೆನ್ನಲ್ಲಿ ಬರೆಯುವಾಗ ಮಾತ್ರ ಅಕ್ಷರ ಸ್ವಲ್ಪ ಹರಡುತ್ತದೆ. ಬರೆಯುವ ಜಾಗಕ್ಕೆ ಗಂಜಿ ಹಚ್ಚಿ ಇಸ್ತ್ರಿ ಮಾಡಿಕೊಂಡರೆ ಆ ತೊಂದರೆ ಬಹಳ ಕಡಿಮೆ. ಪುಟದ ತಳಕ್ಕೆ ಖಾದಿ, ಮೇಲಿನ ಪದರಕ್ಕೆ ಮಲ್ ಅಂತ ನಾನು ಹಂಚಿಬಿಟ್ಟಿದ್ದೇನೆ.

ಎರಡಕ್ಕೂ ಒಂದು ನಿಯಮ. ಮೊದಲು ಒಗೆದು ಒಣಗಿಸಿ, ಆಮೇಲೆ ಕತ್ತರಿಸಿ. ಹೊಸ ಹತ್ತಿ ಬಟ್ಟೆ ಒಗೆದಾಗ ಕುಗ್ಗುತ್ತದೆ. ಅಂಗಡಿಯ ಗಂಜಿ ಹೋಗದಿದ್ದರೆ ಬಣ್ಣವೂ ಒಳಗೆ ಇಳಿಯುವುದಿಲ್ಲ.

ಇನ್ನು ಹಳೆ ಸೀರೆ. ಎಷ್ಟೋ ಸಲ ಒಗೆದ ಹತ್ತಿ ಸೀರೆಯ ಮೆದುವನ್ನು ಯಾವ ಹೊಸ ಬಟ್ಟೆಯೂ ಕೊಡಲಾರದು. ನಮ್ಮ ಕಡೆ ಕೌದಿ ಹೊಲಿಯುವವರು ಹಳೆ ಸೀರೆ, ಪಂಚೆಗಳನ್ನೇ ಪದರ ಪದರವಾಗಿ ಇಡುವುದಕ್ಕೆ ಇದೂ ಒಂದು ಕಾರಣ ಇರಬೇಕು. ಇಳಕಲ್ ಸೀರೆ ಸಿಕ್ಕರೆ ಅದರ ಒಡಲು, ಅಂಚು, ಸೆರಗು ಮೂರನ್ನೂ ಬೇರೆ ಬೇರೆ ರೀತಿ ಬಳಸಬಹುದು. ಒಡಲಿನ ಹಾಸು ಎಳೆಗಳನ್ನು (ನೇಯ್ಗೆಯಲ್ಲಿ ಉದ್ದಕ್ಕೆ ಓಡುವ ಎಳೆಗಳು) ಸೆರಗಿನ ಹಾಸು ಎಳೆಗಳಿಗೆ ಕುಣಿಕೆ ಹಾಕಿ ಜೋಡಿಸುವ ಕೊಂಡಿ ಆ ಸೀರೆಯ ವಿಶೇಷ. ಆ ಕೊಂಡಿ ಇರುವ ಗೆರೆಯನ್ನು ಪುಟದ ನಡುವೆ ಬರುವಂತೆ ಕತ್ತರಿಸಿಕೊಳ್ಳಿ. ಒಂದು ಕಡೆ ಒಡಲಿನ ಬಣ್ಣ, ಇನ್ನೊಂದು ಕಡೆ ತೋಪು ತೆನಿ ಎಂಬ ಇಳಕಲ್ ವಿನ್ಯಾಸದ ಸೆರಗಿನ ಕೆಂಪು ಬಿಳುಪು. ಪುಟ ಅರ್ಧ ತಯಾರಾದ ಹಾಗೆಯೇ. ಕೊಂಡಿಯ ಎರಡೂ ಬದಿಗೆ ಎರಡೆರಡು ಬೆರಳಷ್ಟಾದರೂ ಬಟ್ಟೆ ಬಿಡಿ, ತೀರಾ ಪಕ್ಕದಲ್ಲಿ ಕತ್ತರಿ ಆಡಿಸಿದರೆ ಎಳೆ ಬಿಚ್ಚಿಕೊಳ್ಳುತ್ತದೆ.

ಹಳೆ ಸೀರೆಗೆ ಎರಡು ಎಚ್ಚರಿಕೆ ಬೇಕು. ಬಣ್ಣ ಬಿಡುತ್ತದೆಯೇ ಅಂತ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ. ಕೆಂಪು, ಕಪ್ಪು ಬಣ್ಣಗಳಿಗಂತೂ ಇದು ಕಡ್ಡಾಯ. ಎರಡನೆಯದು, ಅದು ಯಾವ ನೂಲು ಅಂತ ಗೊತ್ತಿರಬೇಕು. ಒಂದು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಬೆಂಕಿ ತೋರಿಸಿ. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ರೇಷ್ಮೆ ಸುಟ್ಟ ಕೂದಲಿನ ವಾಸನೆ ಕೊಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಪಾಲಿಯೆಸ್ಟರ್ ಆದರೆ ಬಿಸಿ ಇಸ್ತ್ರಿ ಹತ್ತಿರ ತರಬೇಡಿ.

ಅಂಟಿಸುವುದೋ, ಹೊಲಿಯುವುದೋ?

ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಇಲ್ಲೇ. ಒಂದೇ ಅಳತೆಯ ಖಾದಿ ತುಂಡುಗಳ ಮೇಲೆ ಒಂದೇ ಬಗೆಯ ಸೀರೆ ಚೂರನ್ನು ಬೇರೆ ಬೇರೆ ರೀತಿ ಕೂರಿಸಿ ಹೋಲಿಸಿದೆ.

ಮರಗೆಲಸಕ್ಕೂ ಮಕ್ಕಳ ಕ್ರಾಫ್ಟಿಗೂ ಬಳಸುವ ಬಿಳಿ ಗೋಂದು ಅಗ್ಗ, ಬೇಗ ಹಿಡಿಯುತ್ತದೆ. ಕಾಗದವನ್ನು ಬಟ್ಟೆಗೆ ಅಂಟಿಸಲು ಚೆನ್ನಾಗಿದೆ. ಬಟ್ಟೆಗೆ ಬಟ್ಟೆ ಅಂಟಿಸಲು ನನಗೆ ಇಷ್ಟವಾಗಲಿಲ್ಲ. ಒಣಗಿದ ಮೇಲೆ ಆ ಜಾಗ ಹಪ್ಪಳದಂತೆ ಬಿಗಿಯಾಗುತ್ತದೆ. ತೆಳು ಬಟ್ಟೆಯಾದರೆ ಗೋಂದು ಮೇಲಕ್ಕೆ ಒಸರಿ ಕಪ್ಪು ಕಲೆಯಂತೆ ಕಾಣುತ್ತದೆ. ಆಮೇಲೆ ಅಲ್ಲಿ ಸೂಜಿ ಹಾಕುವುದು ಕಷ್ಟ. ಬಟ್ಟೆಗೆಂದೇ ಮಾಡಿದ ಗೋಂದು ಇದಕ್ಕಿಂತ ಮೆದು, ಲೇಸಿಗೆ ಪರವಾಗಿಲ್ಲ. ಅದನ್ನೂ ಅಂಗುಲಕ್ಕೊಂದು ಚುಕ್ಕಿಯಂತೆ ಇಡಬೇಕು, ಬಳಿಯಬಾರದು.

ಮೈದಾ ಅಂಟನ್ನು ಕೆಲವರು ಈಗಲೂ ಮೆಚ್ಚುತ್ತಾರೆ. ಬಟ್ಟೆ ಮೆದುವಾಗಿಯೇ ಉಳಿಯುತ್ತದೆ ನಿಜ. ಆದರೆ ಜಿರಲೆ, ಬೆಳ್ಳಿಹುಳಕ್ಕೆ ಅದು ಊಟ. ಹುಳು ಬಾರದಿರಲಿ ಅಂತ ಪುಸ್ತಕ ಕಟ್ಟುವವರು ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ. ಮಕ್ಕಳು ಮುಟ್ಟಿ ನೋಡುವ ಪುಸ್ತಕಕ್ಕೆ ಖಂಡಿತ ಬೇಡ.

ಇಸ್ತ್ರಿಯಲ್ಲಿ ಕರಗುವ ಅಂಟಿನ ಬಲೆ ಇವೆಲ್ಲಕ್ಕಿಂತ ಮೇಲು. ಎರಡು ಬಟ್ಟೆಗಳ ನಡುವೆ ಇಟ್ಟು ಬಿಸಿ ಒತ್ತಿದರೆ ಕರಗಿ ಹಿಡಿಯುತ್ತದೆ. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಕೇಳುವಾಗ ಫ್ಯೂಸಿಂಗ್ ಬೇರೆ, ಇದು ಬೇರೆ ಅಂತ ನೆನಪಿಡಿ. ಫ್ಯೂಸಿಂಗ್‌ಗೆ ಸಾಮಾನ್ಯವಾಗಿ ಒಂದೇ ಬದಿ ಅಂಟು, ಅದು ಬಟ್ಟೆಗೆ ಬಿಗಿ ಕೊಡಲು. ನಮಗೆ ಬೇಕಾದ್ದು ಎರಡೂ ಬದಿ ಹಿಡಿಯುವ ಬಲೆ. ಇದರ ದೊಡ್ಡ ಲಾಭ ಅಂದರೆ ಹೂವು, ಹಕ್ಕಿ, ಅಕ್ಷರ ಹೀಗೆ ಸಣ್ಣ ಆಕಾರ ಕತ್ತರಿಸಿದಾಗ ಅಂಚಿನ ಎಳೆ ಬೇಗ ಬಿಚ್ಚುವುದಿಲ್ಲ. ಪುಟವೂ ಬಾಗುತ್ತದೆ. ಆದರೆ ಅಂಚು ಮೆಲ್ಲಗೆ ಏಳತೊಡಗುತ್ತದೆ. ಮಡಿಕೆ ಬರುವ ಕಡೆ ಇನ್ನೂ ಬೇಗ. ಅಂಟಿಸಿದ ಮೇಲೆ ಅಂಚಿಗೆ ಒಂದು ಸುತ್ತು ಹೊಲಿಗೆ ಕೊಟ್ಟರೆ ಆ ಚಿಂತೆ ಇಲ್ಲ.

ಸೂಜಿದಾರಕ್ಕೆ ಸಮಯ ಬೇಕು, ಅದೊಂದೇ ಅದರ ಮೇಲಿನ ದೂರು. ಕೌದಿಯ ಸಾದಾ ಓಡು ಹೊಲಿಗೆಯನ್ನೇ ತೆಗೆದುಕೊಳ್ಳಿ. ಮೇಲೊಂದು ಖಾದಿ, ನಡುವೆ ಹಳೆ ಬೆಡ್‌ಶೀಟಿನ ತುಂಡು, ಕೆಳಗೊಂದು ಸೀರೆಯ ತುಂಡು. ಮೂರನ್ನೂ ಸೇರಿಸಿ ಸಾಲಾಗಿ ಹೊಲಿದರೆ ಪುಟಕ್ಕೆ ಬಲ ಬರುತ್ತದೆ, ಆದರೂ ಬಾಗುತ್ತದೆ. ಎರಡೂ ಬದಿ ಸಾಲುಗಳು ಅಚ್ಚುಕಟ್ಟಾಗಿ ಕಾಣುತ್ತವೆ. ಸಣ್ಣ ಚೂರುಗಳು ಆ ಸಾಲುಗಳ ಕೆಳಗೆ ಸಿಕ್ಕಿ ತಾವಾಗಿಯೇ ನಿಲ್ಲುತ್ತವೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರ ಕೌದಿಗಳನ್ನು ನೋಡಿ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಬಟ್ಟೆ ಚೂರುಗಳನ್ನು ಮಡಚಿ ಹಾಕುತ್ತಾ ಹೋಗುವುದರಿಂದ ಮೊದಲೇ ಅಂಟಿಸಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಜರ್ನಲ್ ಪುಟಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಅಲಂಕಾರದ ಹೊಲಿಗೆಯಲ್ಲೂ ಹಿಂಬದಿಯ ಪರೀಕ್ಷೆ ಬಹಳ ಕೆಲಸಕ್ಕೆ ಬರುತ್ತದೆ. ಉತ್ತರ ಕರ್ನಾಟಕದ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಗವಂತಿ, ಮುರ್ಗಿ ಎರಡೂ ಹೋಗಿ ಮರಳಿ ಬರುವ ಹೊಲಿಗೆ. ಎಳೆ ಎಣಿಸಿ ಹಾಕಿ, ಗಂಟು ಹಾಕದೆ ಮುಗಿಸಿದರೆ ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಇವನ್ನು ಒಂಟಿ ಪದರದ ಪುಟಕ್ಕೆ ಹಾಕಿ. ನೇಗಿ, ಮೆಂತೆ ಹಿಂಬದಿಯಲ್ಲಿ ಬೇರೆ ರೀತಿ ಕಾಣುತ್ತವೆ, ಅವಕ್ಕೆ ಅಸ್ತರು ಬೇಕು. ಹಾಗಾಗಿ ಅವನ್ನು ಹೊದಿಕೆಗೆ ಇಟ್ಟುಕೊಳ್ಳಿ. ಲಂಬಾಣಿ ಕಸೂತಿಯ ಕನ್ನಡಿ, ಕವಡೆಗಳಿಗೂ ಹೊದಿಕೆಯೇ ಸರಿಯಾದ ಜಾಗ. ಒಳಪುಟದಲ್ಲಿ ಹಾಕಿದರೆ ಎದುರಿನ ಪುಟದ ಮೇಲೆ ಅಚ್ಚು ಬೀಳುತ್ತದೆ.

ದಾರದ ಬಗ್ಗೆ ಒಂದು ಮಾತು. ಕಸೂತಿ ದಾರದ ಲಡಿಯಲ್ಲಿ ಆರು ಎಳೆ ಇರುತ್ತದೆ. ಕೌದಿ ಸಾಲಿಗೆ ಮೂರು ಎಳೆ, ಗವಂತಿಗೆ ಎರಡು ಅಥವಾ ಒಂದು. ಆರೂ ಎಳೆ ಒಟ್ಟಿಗೆ ಎಳೆದರೆ ಖಾದಿ ಸುಕ್ಕಾಗುತ್ತದೆ.

ಬಣ್ಣ

ಅಕ್ರಿಲಿಕ್ ಬಣ್ಣ ಗಾಢ, ಬೇಗ ಒಣಗುತ್ತದೆ. ಆದರೆ ದಪ್ಪಗೆ ಬಳಿದರೆ ಬಟ್ಟೆ ಪ್ಲಾಸ್ಟಿಕ್ ಹಾಳೆಯಾಗುತ್ತದೆ. ಸೆಕೆಯಲ್ಲಿ, ಮಳೆಗಾಲದಲ್ಲಿ ಎದುರುಬದುರು ಪುಟಗಳು ಅಂಟಿಕೊಳ್ಳುತ್ತವೆ. ಮಧ್ಯೆ ಬಟರ್ ಪೇಪರ್ ಇಡಬೇಕು. ಬಟ್ಟೆಗೆಂದೇ ಮಾರುವ ಬಣ್ಣವೇ (ಫ್ಯಾಬ್ರಿಕ್ ಪೇಂಟ್) ವಾಸಿ. ತೆಳುವಾಗಿ ಹಚ್ಚಿ, ಪೂರ್ತಿ ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಮಾಡಿದರೆ ನಿಲ್ಲುತ್ತದೆ, ಸೂಜಿಯೂ ಓಡುತ್ತದೆ.

ಹಿನ್ನೆಲೆಗೆ ನನ್ನ ಮೊದಲ ಆಯ್ಕೆ ಅಡುಗೆಮನೆಯ ಬಣ್ಣಗಳೇ, ಯಾಕೆಂದರೆ ಅವು ಬಟ್ಟೆಯ ಮೆದುವನ್ನು ಕೆಡಿಸುವುದಿಲ್ಲ. ಟೀ ಡಿಕಾಕ್ಷನ್ ಕಂದು ಕೊಡುತ್ತದೆ, ದಾಳಿಂಬೆ ಸಿಪ್ಪೆ ಮಾಸಲು ಹಳದಿ. ಚೆಂಡುಹೂವಿಗೆ ಪಟಿಕ ಸೇರಿಸಿದರೆ ಒಳ್ಳೆಯ ಹಳದಿ ಬರುತ್ತದೆ. ಅರಿಶಿನ ಮೊದಲು ಮಿಂಚುತ್ತದೆ, ಆದರೆ ಬಿಸಿಲಿಗೆ ಮಾಸುತ್ತದೆ, ಸೋಪು ತಾಗಿದರೆ ಕೆಂಪಾಗುತ್ತದೆ. ಬೀಟ್‌ರೂಟ್ ನಿಲ್ಲುವುದೇ ಇಲ್ಲ. ತುಕ್ಕು ಮೊಳೆಯನ್ನು ವಿನೆಗರ್‌ನಲ್ಲಿ ನೆನೆಹಾಕಿದ ನೀರನ್ನು ಟೀ ಬಣ್ಣದ ಮೇಲೆ ಬಿಟ್ಟರೆ ಬೂದು, ಕಪ್ಪು ಛಾಯೆ ಬರುತ್ತದೆ. ಬಹಳ ಸುಂದರ. ಆದರೆ ಕಬ್ಬಿಣದ ಅಂಶ ಹತ್ತಿಯನ್ನು ವರ್ಷಗಳು ಕಳೆದಂತೆ ದುರ್ಬಲ ಮಾಡುತ್ತದೆ. ಅಜ್ಜಿಯ ಸೀರೆಯ ತುಂಡಿನ ಮೇಲೆ ಅದನ್ನು ಹಾಕಬೇಡಿ.

ಫೋಟೊ ಹಾಕುವುದು

ಒಂದು ದಾರಿ ಜೆಲ್ ಮೀಡಿಯಂ, ಅಂದರೆ ಅಕ್ರಿಲಿಕ್ ಬಣ್ಣದ ಜೊತೆ ಬಳಸುವ, ಒಣಗಿದರೆ ಪಾರದರ್ಶಕವಾಗುವ ಅಂಟು ಲೇಪ. ಜೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟಿನ ಮೇಲೆ ಜೆಲ್ ಹಚ್ಚಿ, ಬಟ್ಟೆಗೆ ಮುಖ ಕೆಳಗೆ ಮಾಡಿ ಒತ್ತಿ, ಮಾರನೆಯ ದಿನ ನೀರು ಹಾಕಿ ಕಾಗದವನ್ನು ಬೆರಳಲ್ಲಿ ಉಜ್ಜಿ ತೆಗೆಯುವುದು. ಚಿತ್ರ ಅಲ್ಲಲ್ಲಿ ಹರಿದಂತೆ, ಹಳೆಯದಂತೆ ಬರುತ್ತದೆ. ಚಿತ್ರ ಎಡಬಲ ತಿರುಗುತ್ತದೆ, ಆದ್ದರಿಂದ ಅಕ್ಷರ ಇದ್ದರೆ ಮೊದಲೇ ಕನ್ನಡಿ ಪ್ರತಿ ತೆಗೆಸಿ. ಇಂಕ್‌ಜೆಟ್ ಪ್ರಿಂಟಾದರೆ ಶಾಯಿ ಸಾಮಾನ್ಯವಾಗಿ ನೀರಿಗೆ ಹರಡುತ್ತದೆ.

ಇನ್ನೊಂದು ದಾರಿಯಲ್ಲಿ ಎ4 ಸ್ಟಿಕರ್ ಹಾಳೆಗೆ ಒಗೆದ ಬಿಳಿ ಹತ್ತಿ ಬಟ್ಟೆ ಅಂಟಿಸಿ, ಅಂಚು ನೇರ ಕತ್ತರಿಸಿ, ಮನೆಯ ಇಂಕ್‌ಜೆಟ್‌ನಲ್ಲೇ ಪ್ರಿಂಟ್ ಮಾಡಬೇಕು. ಒಂದು ಎಳೆ ಹೊರಗೆ ಚಾಚಿದ್ದರೂ ಯಂತ್ರಕ್ಕೆ ಸಿಕ್ಕಿಕೊಳ್ಳಬಹುದು, ನೋಡಿಕೊಳ್ಳಿ. ಚಿತ್ರ ಸ್ಪಷ್ಟವಾಗಿ ಬರುತ್ತದೆ, ಬಟ್ಟೆ ಮೆದುವಾಗಿಯೇ ಇರುತ್ತದೆ, ಸುತ್ತ ಹೊಲಿಯಬಹುದು. ಪಿಗ್ಮೆಂಟ್ ಶಾಯಿಯಾದರೆ (ನೀರಲ್ಲಿ ಕರಗದ ಬಣ್ಣದ ಪುಡಿಯಿಂದ ಮಾಡಿದ ಶಾಯಿ) ತೇವವನ್ನೂ ಚೆನ್ನಾಗಿ ತಡೆಯುತ್ತದೆ. ಮನೆಯವರ ಮುಖ ಇರುವ ಫೋಟೊಗೆ ನಾನು ಇದನ್ನೇ ಆರಿಸುತ್ತೇನೆ. ಊರು, ಗುಡಿ, ಮರಗಳಿಗೆ ಜೆಲ್ ಚೆಂದ.

ಪುಟಗಳನ್ನು ಪುಸ್ತಕ ಮಾಡುವುದು

ರಿಂಗ್ ಹಾಕುವುದು ಸುಲಭ. ಪುಟ ಸೇರಿಸಬಹುದು, ತೆಗೆಯಬಹುದು. ಆದರೆ ಬಟ್ಟೆಯ ತೂತು ಎಳೆದು ಎಳೆದು ದೊಡ್ಡದಾಗುತ್ತದೆ, ತೂತಿನ ಸುತ್ತ ಲೋಹದ ಬಳೆ (ಐಲೆಟ್) ಹೊಡೆಸಲೇಬೇಕು. ಬೀಸಣಿಗೆಯಂತೆ ಮಡಚುವ ಉದ್ದನೆಯ ಪಟ್ಟಿ ಪ್ರದರ್ಶನಕ್ಕೆ ಚೆನ್ನಾಗಿದೆ, ಕೈಯಲ್ಲಿ ಹಿಡಿದು ಓದಲು ಜಾರುತ್ತದೆ.

ನನಗೆ ಒಪ್ಪಿದ್ದು ಮಡಚಿ ಹೊಲಿಯುವ ಪದ್ಧತಿ. 30 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರದ ತುಂಡನ್ನು ನಡುವೆ ಮಡಚಿದರೆ ನಮ್ಮ ಅಳತೆಯ ಎರಡು ಹಾಳೆ. ಕಾಗದದಲ್ಲಾದರೆ ಒಂದರೊಳಗೊಂದು ಎಂಟು ಹತ್ತು ಇಡಬಹುದು. ಬಟ್ಟೆ ದಪ್ಪ, ಮೂರಕ್ಕಿಂತ ಜಾಸ್ತಿ ಇಟ್ಟರೆ ಒಳಗಿನ ಹಾಳೆ ಹೊರಗೆ ಚಾಚುತ್ತದೆ. ಹೀಗೆ ಮೂರು ಮೂರರ ಕಟ್ಟು ಮಾಡಿ, ಮಡಿಕೆಯ ಮೇಲೆ ಐದು ತೂತು ಗುರುತಿಸಿ, ಜೇನುಮೇಣ ಸವರಿದ ದಪ್ಪ ದಾರದಲ್ಲಿ ಹೊದಿಕೆಯ ಬೆನ್ನಿಗೆ ಹೊಲಿಯಿರಿ.

ಹೊದಿಕೆಯನ್ನು ಕೊನೆಗೆ ಕತ್ತರಿಸಿ. ಎಲ್ಲ ಪುಟಗಳ ಕೆಲಸ ಮುಗಿದ ಮೇಲೆ ಕಟ್ಟುಗಳನ್ನು ಒಂದರ ಮೇಲೊಂದು ಇಟ್ಟು, ಅಂಗೈಯಿಂದ ಹಗುರಾಗಿ ಒತ್ತಿ ದಪ್ಪ ಅಳೆಯಿರಿ. ಬೆನ್ನಿನ ಅಗಲ ಅಷ್ಟಿರಬೇಕು. ಖಾಲಿ ಪುಟಗಳ ದಪ್ಪ ನೋಡಿ ಕತ್ತರಿಸಿದರೆ ಲೇಸು, ಗುಂಡಿ ಸೇರಿದ ಮೇಲೆ ಪುಸ್ತಕ ಬಾಯಿ ತೆರೆದುಕೊಂಡೇ ಇರುತ್ತದೆ. ಹೊದಿಕೆಗೆ ಗುಳೇದಗುಡ್ಡದ ಖಣ ಬಳಸಿ ನೋಡಿ. ರವಿಕೆಗೆಂದು ನೇಯ್ದ ಬಟ್ಟೆ, ಸಣ್ಣ ಸಣ್ಣ ಚಿತ್ತಾರ ಈ ಅಳತೆಯ ಪುಸ್ತಕಕ್ಕೆ ಹೇಳಿ ಮಾಡಿಸಿದಂತಿದೆ. ಅದರ ಹಿಂದೆ ಫ್ಯೂಸಿಂಗ್ ಕೊಟ್ಟು, ಅಂಚನ್ನು ಅರ್ಧ ಅಂಗುಲ ಒಳಗೆ ಮಡಚಿ, ಒಳಬದಿಗೆ ಖಾದಿಯ ಅಸ್ತರು ಹಾಕಿ ಸುತ್ತಲೂ ಕೌದಿ ಹೊಲಿಗೆ ಹಾಕಿದರೆ ರಟ್ಟು ಬೇಕಾಗುವುದಿಲ್ಲ.