ಹೋರಿಗಳಿಗೆ ಕಾಳಿನ ಮೇವನ್ನು ಒಮ್ಮೆಲೇ ಹಾಕಬೇಡಿ, ನನ್ನ ಹೋರಿ ಸತ್ತಿದ್ದು ಹೀಗೆ

ಮಾಂಸಕ್ಕಾಗಿ ಮಿಶ್ರತಳಿ ಹೋರಿಗಳನ್ನು ಸಾಕುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಎರಡು ಬಗೆಯ ಮೇವಿನಲ್ಲಿ ಯಾವುದರಿಂದ ತೂಕ ಜಾಸ್ತಿ ಬರುತ್ತದೆ ಅಂತ ನೋಡಲು ಹೋಗಿ ನನ್ನ ಒಂದು ಹೋರಿ ಸತ್ತಿತು. ಇನ್ನೆರಡು ಕುಂಟುತ್ತಿವೆ.

ನನ್ನ ಹತ್ತಿರ 12 ಹೋರಿಗಳಿದ್ದವು. ಒಂದೊಂದೂ ಹೆಚ್ಚುಕಡಿಮೆ 250 ಕಿಲೋ. ಅಲ್ಲಿಯವರೆಗೆ ಹುಲ್ಲು ತಿಂದೇ ಬೆಳೆದವು. ಆರಕ್ಕೆ ಸೈಲೇಜ್ (ಗಾಳಿಯಾಡದಂತೆ ಮುಚ್ಚಿಟ್ಟು ಹುಳಿ ಬರಿಸಿದ ಹಸಿಮೇವು), ಒಣಹುಲ್ಲು, ಜೊತೆಗೆ ಸ್ವಲ್ಪ ಹಿಂಡಿ ಕೊಟ್ಟೆ. ಉಳಿದ ಆರಕ್ಕೆ ಕಾಳಿನ ಮೇವು. ಅದರಲ್ಲಿ ನೂರಕ್ಕೆ 80 ಪಾಲು ಮೆಕ್ಕೆಜೋಳದ ಪುಡಿ ಮತ್ತು ಹಿಂಡಿ, 20 ಪಾಲು ಮಾತ್ರ ಹುಲ್ಲು. ಈ ಲೆಕ್ಕ ಬರೆದುಕೊಟ್ಟಿದ್ದು ಮೇವು ಮಾರುವವರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಅದು ಕೊನೆಯ ಹಂತದ ಲೆಕ್ಕ. ಹುಲ್ಲಿನಿಂದ ಅಲ್ಲಿಗೆ ಎಷ್ಟು ದಿನದಲ್ಲಿ ಹೋಗಬೇಕು ಅಂತ ಚೀಟಿಯಲ್ಲಿ ಒಂದು ಸಾಲೂ ಇರಲಿಲ್ಲ. ನಾನೂ ಕೇಳಲಿಲ್ಲ. ಮೂರೇ ದಿನದಲ್ಲಿ ಬದಲಾಯಿಸಿಬಿಟ್ಟೆ.

ಮೊದಲೆರಡು ದಿನ ಗೋದಲಿ ನೆಕ್ಕಿ ನೆಕ್ಕಿ ತಿಂದವು. ನೋಡಿ ಎಷ್ಟು ಖುಷಿಯಾಯಿತು ಅಂತೀರಿ! ಐದನೇ ದಿನ ಬೆಳಿಗ್ಗೆ ಒಂದು ಹೋರಿ ಏಳಲೇ ಇಲ್ಲ. ಸಗಣಿ ನೀರಾಗಿತ್ತು, ಬೂದು ಬಣ್ಣ, ನೊರೆ, ಮೂಗಿಗೆ ಬಡಿಯುವ ಹುಳಿ ವಾಸನೆ. ಎಡಗಡೆ ಹೊಟ್ಟೆ ಉಬ್ಬಿತ್ತು, ಕಣ್ಣು ಒಳಗೆ ಹೋಗಿದ್ದವು. ಪಕ್ಕದವು ನಿಂತಿದ್ದವು, ಆದರೆ ಒಂದೂ ಮೆಲುಕು ಹಾಕುತ್ತಿರಲಿಲ್ಲ. ಆಗ ನೆನಪಾಯಿತು, ಹಿಂದಿನ ದಿನವೂ ಅವು ಮೆಲುಕು ಹಾಕಿದ್ದು ಕಡಿಮೆಯೇ. ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಪಶುವೈದ್ಯರು ಬಂದು ಸಿರೆಗೆ ದ್ರವ ಕೊಟ್ಟರು, ಹುಳಿ ತಗ್ಗಿಸಲು ಅಡುಗೆ ಸೋಡಾ ಕೊಟ್ಟರು. ಮಲಗಿದ ಹೋರಿ ಸಂಜೆಗೆ ಹೋಯಿತು.

ಆಗಿದ್ದೇನು ಅಂತ ಅವರು ಬಿಡಿಸಿ ಹೇಳಿದರು. ದನದ ಮೊದಲ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರುತ್ತವೆ. ಹುಲ್ಲು ಕರಗಿಸುವವು ಬೇರೆ, ಕಾಳಿನ ಪಿಷ್ಟ ಕರಗಿಸುವವು ಬೇರೆ. ಕಾಳು ಒಮ್ಮೆಲೇ ಬಂದರೆ ಆಮ್ಲ ಮಾಡುವವು ಕೆಲವೇ ಗಂಟೆಗಳಲ್ಲಿ ತುಂಬಿಕೊಳ್ಳುತ್ತವೆ. ಆ ಆಮ್ಲವನ್ನು ಬಳಸಿಕೊಳ್ಳುವವು ಹೆಚ್ಚಾಗಲು ವಾರಗಳೇ ಬೇಕು. ಹೊಟ್ಟೆಯ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಸಾಮಾನ್ಯವಾಗಿ 6ರಿಂದ 7ರ ಒಳಗಿರುತ್ತದೆ. 5.5ಕ್ಕಿಂತ ಕೆಳಗಿಳಿದರೆ ತೊಂದರೆ, 5ಕ್ಕಿಂತ ಕೆಳಗೆ ಹೋದರೆ ಜೀವಕ್ಕೇ ಕುತ್ತು. ಆ ಹುಳಿ ಮೈಯಲ್ಲಿನ ನೀರನ್ನು ಹೊಟ್ಟೆಗೆ ಎಳೆದುಕೊಳ್ಳುತ್ತದೆ. ಹುಲ್ಲು ಕಡಿಮೆಯಾದರೆ ಮೆಲುಕು ಕಡಿಮೆ, ಮೆಲುಕು ಕಡಿಮೆಯಾದರೆ ಜೊಲ್ಲು ಕಡಿಮೆ. ಆ ಜೊಲ್ಲೇ ಅಲ್ವಾ ಹೊಟ್ಟೆಯ ಹುಳಿಯನ್ನು ತಗ್ಗಿಸುವುದು? ಕಾಳು ನುಣ್ಣಗೆ ಪುಡಿಯಾದಷ್ಟೂ ಬೇಗ ಹುಳಿಯಾಗುತ್ತದೆ. ನಾನು ಹಿಟ್ಟಿನಂತೆ ಪುಡಿ ಮಾಡಿಸಿದ್ದೆ. ಮೆಕ್ಕೆಜೋಳದ ಬದಲು ಗೋಧಿ ಹಾಕಿದ್ದರೆ ಇನ್ನೂ ಬೇಗ ಆಗುತ್ತಿತ್ತಂತೆ.

ಕಾಳಿನ ಮೇವೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅಲ್ಲಿಗೆ ಹೋಗಲು ಎರಡರಿಂದ ಮೂರು ವಾರ ತೆಗೆದುಕೊಳ್ಳಿ. ನೂರಕ್ಕೆ 30 ಪಾಲು ಕಾಳು-ಹಿಂಡಿಯಿಂದ ಶುರು ಮಾಡಿ, ನಾಲ್ಕು ದಿನಕ್ಕೊಮ್ಮೆ 10 ಪಾಲು ಏರಿಸಿ. ಸಗಣಿ ತೆಳ್ಳಗಾಗಿ ಬೂದು ಬಣ್ಣಕ್ಕೆ ತಿರುಗಿದರೆ ಏರಿಸಬೇಡಿ, ಒಂದು ಹೆಜ್ಜೆ ಹಿಂದೆ ಹೋಗಿ. ಕಾಳನ್ನು ಹಿಟ್ಟು ಮಾಡದೆ ನುಚ್ಚು ಮಾಡಿ, ಹುಲ್ಲಿನ ಜೊತೆ ಕಲಸಿಯೇ ಹಾಕಿ. ಹೊತ್ತಿಗೆ ಸರಿಯಾಗಿ ಹಾಕಿ. ಹಸಿದಿರುವ ಹೋರಿಯ ಮುಂದೆ ಕಾಳು ಸುರಿಯಲೇಬೇಡಿ.

ಇನ್ನೊಂದು ಮಾತು. ಇಷ್ಟೆಲ್ಲ ಕಳೆದುಕೊಂಡು ನಾನು ಮಾಡಿದ ಹೋಲಿಕೆಗೂ ಅರ್ಥವಿರಲಿಲ್ಲ. ಸೈಲೇಜನ್ನೂ ಕಾಳನ್ನೂ ಒಂದೇ ತಕ್ಕಡಿಯಲ್ಲಿ ಕಿಲೋಗೆ ಕಿಲೋ ಲೆಕ್ಕ ಹಾಕಿದ್ದೆ. 10 ಕಿಲೋ ಸೈಲೇಜಿನಲ್ಲಿ ನೀರು ಬಿಟ್ಟರೆ ಸುಮಾರು 3 ಕಿಲೋ ಒಣ ಮೇವಿರುತ್ತದೆ. 10 ಕಿಲೋ ಮೆಕ್ಕೆಜೋಳದಲ್ಲಿ ಹತ್ತಿರ ಹತ್ತಿರ 9 ಕಿಲೋ. ಹೋಲಿಸುವುದಾದರೆ ಒಣ ತೂಕದಲ್ಲೇ ಹೋಲಿಸಬೇಕು. ಹೋರಿಗಳನ್ನು ತೂಗಿದ್ದೂ ತಪ್ಪೇ, ಒಮ್ಮೆ ಬೆಳಿಗ್ಗೆ, ಒಮ್ಮೆ ನೀರು ಕುಡಿದ ಮೇಲೆ. ಹುಲ್ಲು ತಿನ್ನುವ ಹೋರಿಯ ಹೊಟ್ಟೆಯಲ್ಲಿ ಯಾವಾಗಲೂ ಸರಕು ಜಾಸ್ತಿ, ಅದು ಮಾಂಸವಲ್ಲ. ಪ್ರತಿ ಸಲ ಒಂದೇ ಹೊತ್ತಿಗೆ, ಬೆಳಿಗ್ಗೆ ಮೇವು ನೀರು ಕೊಡುವ ಮೊದಲೇ ತೂಗಿ. ಮೇವು ಬದಲಾಯಿಸುವ ವಾರಗಳ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕುಂಟುವ ಎರಡರ ಕಾಲಿಗೆ ಬಂದಿದ್ದೂ ಆ ಹುಳಿಯಿಂದಲೇ. ಗೊರಸಿನ ಒಳಗೆ ಉರಿಯೂತ. ಈಗ ಗೊರಸು ಉದ್ದಕ್ಕೆ ಬೆಳೆಯುತ್ತಿದೆ, ಗೋದಲಿವರೆಗೆ ನಡೆಯಲು ಹಿಂದೇಟು ಹಾಕುತ್ತವೆ. ಮಲಗಿದ ಕಡೆಗೇ ಹುಲ್ಲು ಒಯ್ದು ಹಾಕುತ್ತಿದ್ದೇನೆ.